ಹತ್ತು ಇಂಚಿನ ಹೊಸದು, ಎಂಟೂಕಾಲು ಇಂಚಿನ ಹಳೆಯದು

ನನ್ನ ಶೆಡ್‌ನಲ್ಲಿ ಈಗ ದಿನಾ ಕೆಲಸಕ್ಕೆ ಬರುತ್ತಿರುವುದು ಎಂಟೂಕಾಲು ಇಂಚಿನ ಬ್ಲೇಡಿನ ಟೇಬಲ್ ಸಾ, ಅಂದರೆ ಮೇಜಿನ ನಡುವೆ ಬ್ಲೇಡು ಎದ್ದು ನಿಂತಿರುವ, ಮರ ಸೀಳುವ ಮೆಷಿನ್. ಬೇರೆಯವರು ನಾಲ್ಕು ವರ್ಷ ಬಳಸಿ ಮಾರಿದ್ದು. ಡಬ್ಬಿ ಒಡೆದು ಹೊಸದಾಗಿ ತಂದ ಹತ್ತು ಇಂಚಿನದು ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ಕೂತಿದೆ. ಯಾವುದು ಒಳ್ಳೆಯದು ಅಂತ ಕೇಳುವವರಿಗೆ ಇಷ್ಟೇ ಉತ್ತರ ಸಾಕು. ಯಾಕೆ ಅಂತ ಕೇಳುವವರಿಗೆ ಮಾತ್ರ ಸ್ವಲ್ಪ ಉದ್ದ ಹೇಳಬೇಕು.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಕಾರ್ ಶೆಡ್ಡೇ ನನ್ನ ವರ್ಕ್‌ಶಾಪ್. ಕಾಲೇಜಿಗೆ ರಜೆ ಇರುವ ದಿನ, ಅದರಲ್ಲೂ ಭಾನುವಾರ, ಬೆಳಿಗ್ಗೆ ಹತ್ತರಿಂದ ಒಂದೂವರೆ ತನಕ ಮೆಷಿನ್ ಓಡಿಸುತ್ತೇನೆ. ಪಕ್ಕದ ಮನೆ ಅಜ್ಜಿ ಊಟ ಮಾಡಿ ಮಲಗುವ ಹೊತ್ತಿಗೆ ನಿಲ್ಲಿಸಲೇಬೇಕು. 2024ರ ಗಣೇಶನ ಹಬ್ಬದ ಹೊತ್ತಿಗೆ ಒಂದು ಆಸೆ ಹುಟ್ಟಿತು. ಆ ಸಲ ದಸರಾ ಗೊಂಬೆಗಳನ್ನು ಟ್ರಂಕು, ಡಬ್ಬಿಗಳ ಮೇಲೆ ಸೀರೆ ಹಾಸಿ ಕೂರಿಸುವುದು ಬೇಡ, ಏಳು ಮೆಟ್ಟಿಲಿನ ಸ್ಟ್ಯಾಂಡ್ ನಾನೇ ಮಾಡಬೇಕು ಅಂತ. 18 ಎಂಎಂ ಪ್ಲೈ, ನಾಲ್ಕು ಅಡಿ ಉದ್ದ, 225 ಎಂಎಂ ಅಗಲ, ಏಳು ಹಲಗೆ. ಎಲ್ಲ ಒಂದೇ ಅಳತೆಗೆ ಸೀಳಬೇಕು ಅಂದರೆ ಟೇಬಲ್ ಸಾ ಬೇಕು ಅನ್ನಿಸಿತು.

ಹಬ್ಬದ ರಿಯಾಯಿತಿಯಲ್ಲಿ 17,500 ರೂಪಾಯಿಗೆ ಹತ್ತು ಇಂಚಿನದು ಸಿಕ್ಕಿತು. 2000 ವ್ಯಾಟ್ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿತ್ತು. ನಾನು ನೋಡಿದ್ದೂ ಅದೊಂದನ್ನೇ. ಬ್ಲೇಡು ದೊಡ್ಡದು, ಮೋಟಾರು ದೊಡ್ಡದು, ಬೆಲೆ ಕಮ್ಮಿ. ಇನ್ನೇನು ಬೇಕು ಅಂದುಕೊಂಡೆ.

ಬೇಕಾಗಿದ್ದು ಫೆನ್ಸ್. ನಮ್ಮ ಆಚಾರ್ರು ಅದಕ್ಕೆ ಗೈಡ್ ಅನ್ನುತ್ತಾರೆ. ಹಲಗೆಯ ಅಂಚನ್ನು ಅದಕ್ಕೆ ಒತ್ತಿ ಹಿಡಿದು ಮುಂದಕ್ಕೆ ತಳ್ಳುತ್ತೇವೆ. ಫೆನ್ಸ್ ಬ್ಲೇಡಿಗೆ ಸಮಾನಾಂತರವಾಗಿ ನಿಂತರೆ ಮಾತ್ರ ಹಲಗೆ ನೆಟ್ಟಗೆ ಸೀಳುತ್ತದೆ. ಈ ಮೆಷಿನ್ನಿನ ಫೆನ್ಸ್ ಮುಂದಿನ ಕಂಬಿಯಲ್ಲಿ ಮಾತ್ರ ಬಿಗಿಯಾಗುತ್ತಿತ್ತು. ಹಿಂದಿನ ತುದಿಗೆ ಸುಮ್ನೆ ಒಂದು ಪ್ಲಾಸ್ಟಿಕ್ ಕೊಕ್ಕೆ. ಲಿವರ್ ಒತ್ತಿದಾಗ ಮುಂದಿನ ತುದಿ ಗುರುತಿನ ಮೇಲೆ ನಿಲ್ಲುತ್ತದೆ, ಹಿಂದಿನದು ಬ್ಲೇಡಿನ ಕಡೆಗೆ ಜಾರುತ್ತದೆ.

ಮೊದಲ ಹಲಗೆ ಸೀಳಿದಾಗಲೇ ಸುಟ್ಟ ವಾಸನೆ ಬಂತು. ಪ್ಲೈ ಅಂಚಿನಲ್ಲಿ ಕಪ್ಪು ಗೆರೆ. ಬ್ಲೇಡು ಮೊಂಡು ಅಂದುಕೊಂಡು 1,800 ಕೊಟ್ಟು 60 ಹಲ್ಲಿನ ಹೊಸ ಬ್ಲೇಡು ತಂದೆ. ಮತ್ತೆ ಅದೇ ಗೆರೆ. ಹಲಗೆ ಅಳೆದು ನೋಡಿದರೆ ಒಂದು ತುದಿ 225, ಇನ್ನೊಂದು ತುದಿ 223.

ನಮ್ಮಪ್ಪ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. 1996ರಲ್ಲಿ ಯಾದವಗಿರಿಯ ಆ ಫ್ಯಾಕ್ಟರಿ ನಿಂತಾಗ ಮನೆಗೆ ಬಂದ ಅವರ ಉಪಕರಣದ ಪೆಟ್ಟಿಗೆ ಇನ್ನೂ ಇದೆ. ಶೆಡ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನಾನು ಒದ್ದಾಡುವುದನ್ನು ಅರ್ಧ ಗಂಟೆ ನೋಡಿದರು. ಆಮೇಲೆ ಒಳಗೆ ಹೋಗಿ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು), ಸ್ಟೀಲ್ ಸ್ಕೇಲು, ಮೂಲೆಮಟ್ಟ ತಂದರು.

"ಮೊದ್ಲು ಬ್ಲೇಡ್ ನೋಡಮ್ಮ, ಆಮೇಲೆ ಫೆನ್ಸು" ಅಂದರು.

ಪ್ಲಗ್ ಕಿತ್ತು ಶುರು ಮಾಡಿದೆವು. ಬ್ಲೇಡಿನ ಒಂದು ಹಲ್ಲಿಗೆ ಮಾರ್ಕರ್‌ನಲ್ಲಿ ಗುರುತು. ಆ ಹಲ್ಲು ಮುಂದೆ ಇದ್ದಾಗ ಟೇಬಲ್ಲಿನ ಮೈಟರ್ ಗಾಡಿಯಿಂದ (ಬ್ಲೇಡಿನ ಪಕ್ಕದಲ್ಲಿ ಉದ್ದಕ್ಕೆ ಕೊರೆದ ಕಾಲುವೆ) ಎಷ್ಟು ದೂರ ಅಂತ ಅಳೆಯುವುದು. ಬ್ಲೇಡನ್ನು ಕೈಯಲ್ಲಿ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯುವುದು. ಎರಡು ಕಡೆಯೂ ಒಂದೇ ಬಂತು. ಅಂದರೆ ಬ್ಲೇಡು ಸರಿಯಾಗಿದೆ. ಆಮೇಲೆ ಫೆನ್ಸನ್ನು ಅದೇ ಗಾಡಿಯ ಅಂಚಿಗೆ ತಂದು ನಿಲ್ಲಿಸಿದೆ. ಕಣ್ಣಿಗೆ ನೆಟ್ಟಗಿತ್ತು. ಅಳೆಯಲು ಹೊರಟೆ.

"ಬಿಗಿ ಮಾಡಿದ್ಮೇಲೆ ಅಳಿ ಕಣಮ್ಮ. ಬಿಗಿ ಮಾಡೋಕ್ಮುಂಚೆ ಅಳೆದ್ರೆ ಏನ್ ಬಂತು?"

ಬಿಗಿ ಮಾಡಿದೆ. ಹಿಂದಿನ ತುದಿ 1.8 ಎಂಎಂ ಒಳಗೆ. ಬಿಚ್ಚಿ ಮತ್ತೆ ಬಿಗಿ ಮಾಡಿದೆ, 1.1. ಮೂರನೇ ಸಲ 2.3. ಆವಾಗ ನಿಜವಾದ ತೊಂದರೆ ಗೊತ್ತಾಯಿತು. ಪ್ರತಿ ಸಲ ಒಂದೇ ಅಳತೆಗೆ ಸೊಟ್ಟ ಆಗಿದ್ದರೆ ಬೋಲ್ಟು ತಿರುಗಿಸಿ ಸರಿ ಮಾಡಿಕೊಳ್ಳಬಹುದಿತ್ತು. ಇದು ಪ್ರತಿ ಸಲವೂ ಬೇರೆ ಬೇರೆ ಥರ ಸೊಟ್ಟ.

ಮಾಡದ ಉಪಾಯ ಇಲ್ಲ. ಕ್ಯಾಲೆಂಡರ್ ಕಾಗದ ಮಡಚಿ ಹಿಂದಿನ ಕೊಕ್ಕೆಗೆ ತುರುಕಿದೆ. ಒಂದು ಭಾನುವಾರ ನಡೆಯಿತು, ಮುಂದಿನ ವಾರ ಕಾಗದ ಒತ್ತಿಕೊಂಡು ಮತ್ತೆ ಸಡಿಲ. ಹಿಂದಿನ ತುದಿಗೆ ಸಿ ಕ್ಲ್ಯಾಂಪ್ ಹಾಕಿದೆ. ಇದು ಕೆಲಸ ಮಾಡಿತು, ಆದರೆ ಅಲ್ಯುಮಿನಿಯಂ ಟೇಬಲ್ಲಿನ ಅಡಿಯೆಲ್ಲ ಏಣು ಏಣು, ಕ್ಲ್ಯಾಂಪ್ ಸರಿಯಾಗಿ ಕೂರುವುದಿಲ್ಲ. ಒಂದೊಂದು ಅಳತೆ ಹೊಂದಿಸಲು ಐದು ನಿಮಿಷ. ಮಾರಿದವರಿಗೆ ಫೋನ್ ಮಾಡಿದರೆ "ಅದು ನಾರ್ಮಲ್ ಮೇಡಂ, ಎಲ್ಲದ್ರಲ್ಲೂ ಹಾಗೇ ಇರುತ್ತೆ" ಅಂದರು. ವಾಪಸ್ ಕೊಡುವ ಹತ್ತು ದಿನದ ಗಡುವು ಅಷ್ಟು ಹೊತ್ತಿಗೆ ಮುಗಿದಿತ್ತು.

ಸೊಟ್ಟ ಫೆನ್ಸ್ ಅಂದರೆ ಹಲಗೆ ಹಾಳಾಗುವುದಷ್ಟೇ ಅಲ್ಲ. ಮುಂದೆ ಹೋಗುತ್ತಾ ಹಲಗೆ ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಬ್ಲೇಡಿನ ಹಿಂದಿನ ಹಲ್ಲುಗಳು ಕೆಳಗಿಂದ ಮೇಲಕ್ಕೆ ಬರುತ್ತವೆ ಅಲ್ವಾ, ಅವು ಹಲಗೆಯನ್ನು ಎತ್ತಿ ನಮ್ಮ ಕಡೆಗೇ ಎಸೆಯುತ್ತವೆ. ನಿಮಿಷಕ್ಕೆ 4800 ಸುತ್ತು ತಿರುಗುವ ಹತ್ತು ಇಂಚಿನ ಬ್ಲೇಡಿನ ಹಲ್ಲಿನ ತುದಿಗೆ ಗಂಟೆಗೆ 200 ಕಿಲೋಮೀಟರಿಗೂ ಜಾಸ್ತಿ ವೇಗ. ಇದನ್ನು ತಡೆಯಲು ಬ್ಲೇಡಿನ ಹಿಂದೆ ರೈವಿಂಗ್ ನೈಫ್ ಅಂತ ಒಂದು ತಗಡು ಇರುತ್ತದೆ. ಸೀಳಿದ ಸಂದು ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದ ಹಾಗೆ ನೋಡಿಕೊಳ್ಳುತ್ತದೆ. ಸೊಟ್ಟ ಹೋದ ಹಲಗೆ ಪದೇ ಪದೇ ಆ ತಗಡಿಗೆ ಸಿಕ್ಕಿ ನಿಲ್ಲುತ್ತಿತ್ತು ಅಂತ ನಾನು ಅದನ್ನು ಬಿಚ್ಚಿಟ್ಟೆ. ಅದು ನನ್ನ ತಪ್ಪು, ದಯವಿಟ್ಟು ಯಾರೂ ಮಾಡಬೇಡಿ. ನಾಲ್ಕನೇ ಹಲಗೆ ಅರ್ಧ ದಾಟಿದಾಗ ಧಡ್ ಅಂತ ಸದ್ದು. ಹಲಗೆ ನನ್ನ ಸೊಂಟದ ಪಕ್ಕ ಹಾದು ಹಿಂದೆ ನಿಂತಿದ್ದ ಸ್ಕೂಟರಿನ ಇಂಡಿಕೇಟರ್ ಒಡೆಯಿತು. ನಾನು ಬ್ಲೇಡಿನ ನೇರಕ್ಕೆ ನಿಂತಿರಲಿಲ್ಲ, ಸ್ವಲ್ಪ ಎಡಕ್ಕಿದ್ದೆ. ಅಷ್ಟರಿಂದ ಉಳಿದೆ. ಅಪ್ಪ ಏನೂ ಅನ್ನಲಿಲ್ಲ. ಎದ್ದು ಬಂದು ಸ್ವಿಚ್ ಆರಿಸಿದರು.

ಆ ವರ್ಷದ ಉಳಿದ ಮೂರು ಮೆಟ್ಟಿಲು ಮುಗಿಸಿದ್ದು ಕೈಯಲ್ಲಿ ಹಿಡಿದು ಹಲಗೆಯ ಮೇಲೆ ತಳ್ಳುವ ಸರ್ಕ್ಯುಲರ್ ಸಾ. ನನ್ನದು ಬಾಷ್ ಜಿಕೆಎಸ್ 190, 1400 ವ್ಯಾಟ್. ಇದರ ಮೇಲೆ ನನಗೆ ಒಂದು ದೂರೂ ಇಲ್ಲ. ಅದು ನೆಟ್ಟಗೆ ಓಡಲು ನಾನೇ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. 9 ಎಂಎಂ ಪ್ಲೈ ತಳ, ಅದರ ಮೇಲೆ ಫ್ಯಾಕ್ಟರಿ ಅಂಚಿರುವ 12 ಎಂಎಂ ಪ್ಲೈ ಪಟ್ಟಿ ಸ್ಕ್ರೂ ಹಾಕಿ ಕೂರಿಸಿದ್ದು. ಮೊದಲ ಸಲ ಸಾ ಓಡಿಸಿದಾಗ ತಳದ ಹೆಚ್ಚುವರಿ ಭಾಗ ಬ್ಲೇಡಿನ ಗೆರೆಗೇ ಕಟ್ ಆಗಿ ಹೋಗುತ್ತದೆ. ಆಮೇಲೆ ಆ ಅಂಚನ್ನು ಪೆನ್ಸಿಲ್ ಗೆರೆ ಮೇಲಿಟ್ಟು ಕ್ಲ್ಯಾಂಪ್ ಮಾಡಿದರೆ ಮುಗಿಯಿತು. ಎಂಟಡಿ-ನಾಲ್ಕಡಿ ಶೀಟಿಗೆ ಇದಕ್ಕಿಂತ ಸುಲಭದ್ದು ಮನೆಯಲ್ಲಿ ಇಲ್ಲ. 18 ಎಂಎಂ ಶೀಟು 30 ಕೆಜಿಗೂ ಜಾಸ್ತಿ ತೂಗುತ್ತದೆ. ಅದನ್ನು ಎತ್ತಿ ಸಣ್ಣ ಟೇಬಲ್ ಸಾ ಮೇಲೆ ತಳ್ಳಲು ನನ್ನ ಕೈಲಾಗದು. ಶೀಟನ್ನು ನೆಲದ ಮೇಲೆ ಹಾಸಿ, ಕೆಳಗೆ ಥರ್ಮಾಕೋಲ್ ಇಟ್ಟು, ಸಾ ತಳ್ಳಿಕೊಂಡು ಹೋಗುತ್ತೇನೆ. ಒಂದು ಮಾತು ನೆನಪಿರಲಿ: ಇದರಲ್ಲಿ ಒಳ್ಳೆ ಮುಖ ಕೆಳಗಿರಬೇಕು, ಟೇಬಲ್ ಸಾನಲ್ಲಿ ಮೇಲಿರಬೇಕು. ಹಲ್ಲು ಹೊರಗೆ ಬರುವ ಕಡೆಯೇ ಸಿಬಿರು ಏಳುವುದು.

ಆದರೆ ಏಳು ಹಲಗೆ ಒಂದೇ ಅಗಲಕ್ಕೆ ಬೇಕು ಅಂದರೆ ಸರ್ಕ್ಯುಲರ್ ಸಾನಲ್ಲಿ ಏಳು ಸಲ ಅಳೆದು ಏಳು ಸಲ ಗೆರೆ ಎಳೆಯಬೇಕು. ಅರ್ಧ ಎಂಎಂ ಅತ್ತಿತ್ತ ಆಗಿಯೇ ಆಗುತ್ತದೆ. ಒಂದೂವರೆ ಇಂಚಿನ ಪಟ್ಟಿ ಬೇಕಾದರಂತೂ ಸಾ ಕೂರಲು ಜಾಗವೇ ಇರುವುದಿಲ್ಲ.

ಹಾಗಾಗಿ 2025ರ ಸಂಕ್ರಾಂತಿ ಕಳೆದ ಮೇಲೆ ಮತ್ತೆ ಟೇಬಲ್ ಸಾ ಹುಡುಕಿದೆ. ವಿಜಯನಗರದಲ್ಲಿ ಇಂಟೀರಿಯರ್ ಕೆಲಸ ಮಾಡುವವರೊಬ್ಬರು ದೊಡ್ಡ ಮೆಷಿನ್ ತಗೊಂಡು ಹಳೆಯದನ್ನು ಮಾರುತ್ತಿದ್ದರು. ನಮ್ಮ ಮನೆ ಕಿಟಕಿ ಬಾಗಿಲು ಮಾಡಿದ ಆಚಾರ್ರನ್ನೂ ಕರೆದುಕೊಂಡು ಹೋದೆ. ಈ ಸಲ ವ್ಯಾಟ್ ಕೇಳಲೇ ಇಲ್ಲ. ಫೀಲರ್ ಗೇಜ್ ಬ್ಯಾಗಿನಲ್ಲಿತ್ತು.

ಇದರ ಫೆನ್ಸ್ ರ್‍ಯಾಕ್ ಅಂಡ್ ಪಿನಿಯನ್ ಥರದ್ದು. ಮುಂದೊಂದು ಹಿಂದೊಂದು ಹಲ್ಲಿನ ಕಂಬಿ, ಎರಡನ್ನೂ ಟೇಬಲ್ಲಿನ ಅಡಿಯಲ್ಲಿ ಒಂದು ಸರಳು ಜೋಡಿಸಿದೆ. ಗುಂಡಿ ತಿರುಗಿಸಿದರೆ ಎರಡು ತುದಿಯೂ ಒಟ್ಟಿಗೇ ಸರಿಯುತ್ತವೆ. ಹಿಂದಿನದು ಹಿಂದೆ ಉಳಿಯಲು ದಾರಿಯೇ ಇಲ್ಲ. ಬಿಗಿ ಮಾಡಿ, ಅಳೆದು, ಬಿಚ್ಚಿ, ಮತ್ತೆ ಬಿಗಿ ಮಾಡಿ ಅಳೆದೆ. ಹತ್ತು ಸಲ. 0.1 ಎಂಎಂ ಎಲೆ ಒಂದು ಸಲವೂ ಒಳಗೆ ಹೋಗಲಿಲ್ಲ.

"ತಗೊಳ್ಳಿ ಅಕ್ಕ, ಇದು ಗೈಡ್ ಅಂದ್ರೆ" ಅಂದರು ಆಚಾರ್ರು.

28,000 ಹೇಳಿದರು, 24,000ಕ್ಕೆ ಕೊಟ್ಟರು. ಮೋಟಾರಿನ ಕಾರ್ಬನ್ ಬ್ರಷ್ ಸವೆದಿತ್ತು, ಬದಲಾಯಿಸಿದೆ. ಗಾಡಿಯಲ್ಲಿ ಜಾರುವ ಮೈಟರ್ ಗೇಜ್ ಸಡಿಲ, ಬಳಸುವುದಿಲ್ಲ, ಅಡ್ಡ ಕೊಯ್ಯಲು ಪ್ಲೈನಲ್ಲೇ ಒಂದು ಸ್ಲೆಡ್, ಅಂದರೆ ಹಲಗೆ ಕೂರಿಸಿ ತಳ್ಳುವ ಜಾರುಮಣೆ, ಮಾಡಿಕೊಂಡೆ.

ಬ್ಲೇಡು ಸಣ್ಣದು ಅನ್ನುವ ಕೊರಗು ಒಂದು ದಿನವೂ ಬಂದಿಲ್ಲ. ನೆಟ್ಟಗೆ ನಿಂತಾಗ 65 ಎಂಎಂ ತನಕ ಸೀಳುತ್ತದೆ. ಎರಡು ಇಂಚಿನ ತೇಗ, ಕೊಡಗಿನ ತೋಟದಿಂದ ಬರುವ ಸಿಲ್ವರ್ ಓಕ್, ಹಲಸು, ಎಲ್ಲ ಸೀಳಿದ್ದೇನೆ. ಗಟ್ಟಿ ಮರವನ್ನು ಉದ್ದಕ್ಕೆ ಸೀಳಲು 24 ಹಲ್ಲು, ಪ್ಲೈಗೆ 60 ಹಲ್ಲು. ಒಂದೇ ಬ್ಲೇಡಿನಲ್ಲಿ ಎರಡೂ ಮಾಡಲು ಹೋದರೆ ತೇಗ ಸುಡುತ್ತದೆ. ಒಂದೇ ತೊಂದರೆ, ಈ ಅಳತೆಯ ಬ್ಲೇಡು ಇಲ್ಲಿನ ಅಂಗಡಿಗಳಲ್ಲಿ ನನಗೆ ಕೈಗೆ ಸಿಗಲಿಲ್ಲ, ತರಿಸಿಕೊಳ್ಳಬೇಕಾಯಿತು. ಹತ್ತು ಇಂಚಿನದು ಎಲ್ಲ ಕಡೆ ಇದೆ.

ಕರೆಂಟಿನ ವಿಷಯದಲ್ಲಿ ಎರಡೂ ಒಂದೇ. 16 ಆಂಪ್ ಪವರ್ ಪ್ಲಗ್ ಬೇಕು, ಫ್ಯಾನಿನ ಪ್ಲಗ್ಗಿಗೆ ಹಾಕಬಾರದು. ಸದ್ದೂ ಒಂದೇ, ಕಿವಿಗೆ ಮಫ್ ಬೇಕೇ ಬೇಕು. ಧೂಳಿಗೆ ಮಾಸ್ಕ್. ಬೀಟೆ ಮರದ ಪುಡಿ ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ, ಜೋಪಾನ. ಸಾಸ್ಟಾಪ್ ಅನ್ನುವ ಅಮೆರಿಕದ ಕಂಪನಿಯ ಮೆಷಿನ್ನಿನಲ್ಲಿ ಬೆರಳು ತಾಗಿದ ಕೂಡಲೇ ಬ್ಲೇಡು 5 ಮಿಲಿಸೆಕೆಂಡಿನೊಳಗೆ ನಿಂತುಬಿಡುತ್ತದೆ. ನನ್ನ ಎರಡರಲ್ಲೂ ಅದಿಲ್ಲ. ಹಾಗಾಗಿ ಕೈ ಬ್ಲೇಡಿನ ಹತ್ತಿರ ಹೋಗುವ ಮೊದಲೇ ತಳ್ಳುಕೋಲು ಹಿಡಿಯುತ್ತೇನೆ. ಅದನ್ನು ಫೆನ್ಸಿನ ಮೇಲೆಯೇ ಇಟ್ಟಿರುತ್ತೇನೆ, ಹುಡುಕುವಂತಾಗಬಾರದು.

ಇನ್ನು ಉಳಿದ ಸಾಮಾನು. ಬಾಗಿದ ಆಕಾರ ಕೊಯ್ಯುವ ಜಿಗ್ ಸಾ ತಗೊಂಡೆ, ವರ್ಷಕ್ಕೆ ಎರಡು ಸಲ ಬಳಸಿದರೆ ಹೆಚ್ಚು. ಉಜ್ಜುಗೊರಡು ಮಾತ್ರ ಬೇಕೇ ಬೇಕು. ಮೆಷಿನ್ ಬಿಟ್ಟ ಗೆರೆ ತೆಗೆಯಲು ನಾಲ್ಕು ಎಳೆತ ಸಾಕು, ಸದ್ದೂ ಇಲ್ಲ, ಅಜ್ಜಿ ಮಲಗಿದ ಮೇಲೂ ಮಾಡಬಹುದು.

ಕೈಯಲ್ಲಿ ಹತ್ತು ಸಾವಿರ ಇದ್ದರೆ ಸರ್ಕ್ಯುಲರ್ ಸಾ ತಗೊಂಡು ಪಟ್ಟಿ ಮಾಡಿಕೊಳ್ಳಿ, ಟೇಬಲ್ ಸಾ ಆಸೆ ಸದ್ಯಕ್ಕೆ ಬಿಡಿ. ಮಂಡ್ಯದಲ್ಲಿರುವ ನನ್ನ ತಂಗಿಗೂ ಇದನ್ನೇ ಹೇಳಿದೆ, ಅವಳಿಗೆ ಬೇಕಿರುವುದು ಎರಡು ಪುಸ್ತಕದ ಕಪಾಟು. ವಾರ ವಾರ ಕೆಲಸ ಮಾಡುವವರು ಇನ್ನೊಂದು 25 ಸಾವಿರ ಕೂಡಿಸಿ, ಎರಡೂ ತುದಿ ಒಟ್ಟಿಗೆ ಸರಿಯುವ ಫೆನ್ಸಿನ ಹಳೆಯ ಮೆಷಿನ್ ಹುಡುಕಿ. 17,500ರ ಹೊಸದು ಮಾತ್ರ ಬೇಡ. ನನ್ನದನ್ನು ಕೊಳ್ಳಲು ಇಬ್ಬರು ಬಂದಿದ್ದರು, ಕೊಡಲಿಲ್ಲ. ತಗೊಂಡು ಹೋದವರ ಬೆರಳು ಹೋದರೆ?

ಹಳೆಯ ಮೆಷಿನ್ ಮನೆಗೆ ಬಂದ ಮೊದಲ ಭಾನುವಾರ ಗೊಂಬೆ ಮೆಟ್ಟಿಲನ್ನೇ ಮತ್ತೆ ಸೀಳಿದೆ. ಫೆನ್ಸ್ ಒಂದೇ ಸಲ ಹೊಂದಿಸಿದ್ದು, ಆರು ಹಲಗೆ, ಆರೂ 225. ಏಳನೆಯದಕ್ಕೆ ಪ್ಲೈ ಸಾಲಲಿಲ್ಲ. ಕೆಳಗಿನಿಂದ ನಾಲ್ಕನೆಯ ಮೆಟ್ಟಿಲು ಇನ್ನೂ ಹಳೆಯ ಸೊಟ್ಟ ಹಲಗೆಯೇ, ಒಂದು ಕಡೆ ಎರಡು ಎಂಎಂ ಕಮ್ಮಿ. ಪಟ್ಟದ ಗೊಂಬೆ ಕೂರುವುದು ಮೇಲೆ, ಅಲ್ಲಿ ಸರಿಯಾಗಿದೆ. ನಾಲ್ಕನೆಯದನ್ನು ಈ ದಸರಾಕ್ಕೆ ಮುಂಚೆ ಬದಲಾಯಿಸಬೇಕು, ಅರ್ಧ ಶೀಟು ಹೇಳಿ ಬಂದಿದ್ದೇನೆ.