ಸಣ್ಣ ದೋಣಿಗೆ ಇನ್ನಷ್ಟು ಜಾಗ: ಫೈಬರ್ ಪೆಟ್ಟಿಗೆಯೋ, ಐಸ್ ಬಾಕ್ಸೋ, ನೀಲಿ ಡ್ರಮ್ಮೋ?

ಗಂಗೊಳ್ಳಿ ಅಳಿವೆಯಿಂದ ಕಂತುಬಲೆಗೆ (ನೀರಿನಲ್ಲಿ ಗೋಡೆಯಂತೆ ಇಳಿಬಿಟ್ಟು ಮೀನನ್ನು ಕಣ್ಣುಗಳಲ್ಲಿ ಸಿಕ್ಕಿಸುವ ಬಲೆ) ಹೋಗುವ ನಮ್ಮ ಫೈಬರ್ ದೋಣಿಯಲ್ಲಿ ಬಲೆ ತುಂಬಿ ಇಬ್ಬರು ಕುಳಿತರೆ ಬುತ್ತಿ ಇಡಲೂ ಜಾಗ ಉಳಿಯುವುದಿಲ್ಲ. ಲೈಫ್ ಜಾಕೆಟ್, ಕುಡಿಯುವ ನೀರು, ಎಂಜಿನ್ನಿನ ಪ್ಲಗ್, ಟಾರ್ಚ್, ಗುರುತಿನ ಚೀಟಿ ಎಲ್ಲವೂ ಕಾಲಡಿಯ ಉಪ್ಪುನೀರಿನಲ್ಲಿ ನೆನೆಯುತ್ತಿದ್ದವು. ಇದಕ್ಕೆ ಮೂರು ದಾರಿ ನೋಡಿದ್ದಾಯಿತು: ದೋಣಿಗೇ ಸೇರಿಸಿ ಕಟ್ಟಿಸುವ ಫೈಬರ್ ಪೆಟ್ಟಿಗೆ, ದಪ್ಪ ಗೋಡೆಯ ಐಸ್ ಬಾಕ್ಸ್, ಉಪ್ಪಿನಕಾಯಿ ತುಂಬಿಕೊಂಡು ಊರಿಗೆ ಬಂದು ಗುಜರಿ ಸೇರಿದ ತಿರುಪು ಮುಚ್ಚಳದ ನೀಲಿ ಪ್ಲಾಸ್ಟಿಕ್ ಡ್ರಮ್. ಗೆದ್ದದ್ದು ಡ್ರಮ್. ಮೂರರಲ್ಲಿ ಅದೇ ಅಗ್ಗದ್ದು ಎಂಬುದು ನಮ್ಮ ಪುಣ್ಯ.

ಫೈಬರ್ ಪೆಟ್ಟಿಗೆ ಭಾವನ ಆಸೆ. ದೋಣಿಯಲ್ಲಿ ಅವನದೂ ಪಾಲಿದೆ, ಹಾಗಾಗಿ ಆಸೆಗೆ ತೂಕವಿತ್ತು. ಪ್ಲೈವುಡ್ಡಿನ ಚೌಕಟ್ಟಿನ ಮೇಲೆ ಫೈಬರ್ ಚಾಪೆ ಹಾಸಿ, ರೆಸಿನ್ ಬಳಿದು, ದೋಣಿಯ ಬಣ್ಣವನ್ನೇ ಕೊಟ್ಟರು. ಅಂದಕ್ಕೆ ಕೊರತೆಯಿಲ್ಲ. ದೋಣಿಯ ಓರೆಕೋರೆಗೆ ಹೊಂದಿಕೊಂಡು ಮೂಲೆಮೂಲೆಯನ್ನೂ ಬಳಸಿಕೊಳ್ಳುತ್ತದೆ. ಆ ಒಂದು ವಿಷಯದಲ್ಲಿ ಬೇರೆ ಯಾವುದೂ ಅದರ ಹತ್ತಿರ ಬರುವುದಿಲ್ಲ.

ಕಾಟ ಕೊಟ್ಟದ್ದು ಮುಚ್ಚಳದ ಚಿಲಕ. ಕಂತುಬಲೆಯ ನೈಲಾನ್ ಎಳೆಗೆ ಮೊಳೆಯ ತಲೆ ಸಿಕ್ಕರೂ ಸಾಕು, ಹಿಡಿದುಕೊಳ್ಳುತ್ತದೆ. ಅಂಥದ್ದರಲ್ಲಿ ಅರ್ಧ ಬೆರಳು ಹೊರಚಾಚಿದ ಚಿಲಕ ಸಿಕ್ಕರೆ ಕೇಳಬೇಕೇ? ಕತ್ತಲಲ್ಲಿ ಬಲೆ ಬಿಡುವಾಗ ದೋಣಿ ಒಂದು ಕಡೆ ಸಾಗುತ್ತಿರುತ್ತದೆ, ನೀರಿಗಿಳಿದ ಬಲೆ ಇನ್ನೊಂದು ಕಡೆ ಎಳೆಯುತ್ತಿರುತ್ತದೆ. ನಡುವೆ ಬಲೆಯ ಒಂದು ಕಣ್ಣು ಚಿಲಕಕ್ಕೆ ಸಿಕ್ಕಿಬಿದ್ದರೆ ಬಿಡಿಸಲು ಪುರುಸೊತ್ತು ಎಲ್ಲಿದೆ? ಹರಿಯುತ್ತದೆ. ದಡಕ್ಕೆ ಬಂದ ಮೇಲೆ ಮೀನು ಮಾರುವ ಹೊತ್ತಿನಲ್ಲಿ ಬಲೆ ಹೊಲಿಯುತ್ತ ಕೂರಬೇಕು.

ಚಿಲಕದ ಮೇಲೆ ಟೇಪ್ ಸುತ್ತಿದೆವು. ಉಪ್ಪುನೀರಿಗೆ ಅಂಟು ಬಿಟ್ಟಿತು. ಹಳೆಯ ಟಯರ್ ಟ್ಯೂಬ್ ಕತ್ತರಿಸಿ ತೊಡಿಸಿದೆವು. ಬಲೆ ಸಿಕ್ಕುವುದೇನೋ ನಿಂತಿತು, ಆದರೆ ಪ್ರತಿ ಸಲ ಪೆಟ್ಟಿಗೆ ತೆರೆಯಲು ಒದ್ದೆ ಕೈಯಲ್ಲಿ ಆ ರಬ್ಬರನ್ನು ಜಗ್ಗಬೇಕಿತ್ತು. ಬಿಸಿಲಿಗೆ ಅದೂ ಬಿರುಕು ಬಿಟ್ಟಿತು. ಚಿಲಕವನ್ನೇ ತೆಗೆಸಿದರೆ ಅಲೆ ಬಡಿದಾಗಲೆಲ್ಲ ಮುಚ್ಚಳ ಎದ್ದು ಪೆಟ್ಟಿಗೆಗೆ ನೀರು. ಅಷ್ಟರಲ್ಲಿ ತಿರುಪು ಮೊಳೆಯ ತೂತುಗಳಿಂದ ಒಳಗಿನ ಪ್ಲೈವುಡ್ ನೀರು ಕುಡಿದು ಉಬ್ಬಿ, ಮುಚ್ಚಳ ತನ್ನ ಚೌಕಟ್ಟಿನಲ್ಲೇ ಕೂರದಂತಾಯಿತು. ಸ್ಟೇನ್‌ಲೆಸ್ ಎಂದು ಕೊಟ್ಟ ಮೊಳೆಗಳ ಸುತ್ತ ಕಂದು ಕಲೆ. ಸಮುದ್ರದ ಉಪ್ಪಿಗೆ 304 ದರ್ಜೆಯ ಉಕ್ಕು ಸಾಲದು, ಮಾಲಿಬ್ಡಿನಮ್ ಸೇರಿದ 316 ಬೇಕು. ನಮ್ಮ ಪೇಟೆಯ ಅಂಗಡಿಗಳಲ್ಲಿ ಅದನ್ನು ಹೇಳಿ ತರಿಸಬೇಕು, ಬಂದಾಗ ಬೆಲೆ ಕೇಳಿ ಹೌಹಾರಬೇಕು.

ಕೆಲಸದವರು ಇನ್ನೊಂದು ಸಲಹೆಯನ್ನೂ ಕೊಟ್ಟರು: “ಕೂರುವ ಅಡ್ಡಹಲಗೆಯ ಕೆಳಗೆ ಜಾಗ ಸುಮ್ಮನೆ ಬಿದ್ದಿದೆಯಲ್ಲ ಅಣ್ಣ, ಕೊರೆದು ಬಾಗಿಲಿಟ್ಟು ಕೊಡುತ್ತೇನೆ.” ಅದು ಸುಮ್ಮನೆ ಬಿದ್ದ ಜಾಗವಲ್ಲ. ದೋಣಿ ಮಗುಚಿದರೂ ಮುಳುಗದಿರಲಿ ಎಂದು ಅಲ್ಲಿ ಫೋಮ್ ತುಂಬಿ ಮುಚ್ಚಿರುತ್ತಾರೆ. ಅಳಿವೆ ಬಾಗಿಲಿನ ಅಲೆ ದಾಟುವವರು ಆ ಗೋಡೆಗೆ ಗರಗಸ ತಾಗಿಸಬಾರದು. ಬೇಡವೆಂದೆ. ಭಾವನಿಗೆ ಇನ್ನೂ ಸ್ವಲ್ಪ ಮುನಿಸಿದೆ.

ಐಸ್ ಬಾಕ್ಸಿನ ಮೇಲೆ ನನಗೆ ದೂರಿಲ್ಲ, ಅದು ನಮ್ಮ ದೋಣಿಯದಲ್ಲ ಅಷ್ಟೇ. ನಮ್ಮ ಸೆಕೆಗೆ ಮೀನಿನಷ್ಟೇ ತೂಕದ ಐಸ್ ಬೇಕು, ಅಂದರೆ ಬಾಕ್ಸಿನ ಅರ್ಧ ಐಸಿಗೇ ಹೋಯಿತು. 100 ಲೀಟರಿನದು ತುಂಬಿದರೆ 70 ಕೆ.ಜಿ. ದಾಟುತ್ತದೆ, ಕೆಲಸ ಮಾಡದ ಮೂರನೆಯವನೊಬ್ಬನನ್ನು ಕೂರಿಸಿಕೊಂಡು ಹೋದಂತೆ. ಹಿಂದೆ ಇಟ್ಟರೆ ಎಂಜಿನ್ನಿನ ಭಾರದ ಜೊತೆ ಸೇರಿ ದೋಣಿಯ ಹಿಂಭಾಗ ಕುಸಿಯುತ್ತದೆ, ನಡುವೆ ಇಟ್ಟರೆ ಬಲೆಗೆ ಜಾಗವಿಲ್ಲ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ 10 ಅಶ್ವಶಕ್ತಿಯೊಳಗಿನ ನಮ್ಮಂಥವರಿಗೇ ಸುಗ್ಗಿ. ಆಗ ದೋಣಿಯನ್ನು ಮರಳ ಮೇಲೆ ಎಳೆದು ಹಾಕುವವರೂ ನಾವೇ, ಒಂದೊಂದು ಕೆ.ಜಿ.ಯೂ ಹೆಗಲಿಗೆ ಗೊತ್ತಾಗುತ್ತದೆ. ರಾತ್ರಿಯಿಡೀ ದೂರ ಹೋಗಿ ಅಂಜಲ್ ಹಿಡಿಯುವವರು ಧಾರಾಳವಾಗಿ ಕೊಳ್ಳಲಿ. ಬೆಳಗ್ಗೆಯೇ ದಡ ಸೇರುವ ನಮಗೆ ಒಂದು ಕ್ರೇಟಿನಲ್ಲಿ ಪುಡಿ ಐಸ್, ಮೇಲೆ ಒದ್ದೆ ಗೋಣಿ ಇದ್ದರೆ ಬಂಗುಡೆ ಕೆಡುವುದಿಲ್ಲ.

ಡ್ರಮ್ಮಿನಲ್ಲಿ ಕಬ್ಬಿಣವೇ ಇಲ್ಲ, ಆದ್ದರಿಂದ ತುಕ್ಕೂ ಇಲ್ಲ, ಬಲೆ ಸಿಕ್ಕಿಕೊಳ್ಳುವ ಮೂತಿಯೂ ಇಲ್ಲ. 50 ಲೀಟರಿನ ಎರಡನ್ನು ಮುಂಭಾಗದಲ್ಲಿ ಅಡ್ಡ ಮಲಗಿಸಿ ಹಗ್ಗದಿಂದ ಬಿಗಿದಿದ್ದೇವೆ: ಒಂದರಲ್ಲಿ ಬಟ್ಟೆ, ಬುತ್ತಿ, ಮೊಬೈಲ್, ಇನ್ನೊಂದರಲ್ಲಿ ಎಂಜಿನ್ನಿನ ಸಾಮಾನು. ಲೈಫ್ ಜಾಕೆಟ್ ಈಗ ಮೈಮೇಲೆ, ಅದು ಇರಬೇಕಾದ ಜಾಗವೂ ಅದೇ. ಮುಚ್ಚಳ ಬಿಗಿಯಾಗಿದ್ದರೆ ಒಂದೊಂದು ಡ್ರಮ್ಮೂ ಸುಮಾರು 50 ಕೆ.ಜಿ. ಭಾರವನ್ನು ತೇಲಿಸಬಲ್ಲದು, ಒಳಗಿನ ಸಾಮಾನಿನ ತೂಕ ಕಳೆದು. ದಡಕ್ಕೆ ಬಂದೊಡನೆ ಹಗ್ಗ ಬಿಚ್ಚಿ ಮನೆಗೆ ಒಯ್ದರಾಯಿತು, ದೋಣಿ ಹಗುರ.

ದುಂಡಗಿರುವುದರಿಂದ ಸುತ್ತಲಿನ ಜಾಗ ವ್ಯರ್ಥ ಎನ್ನುವವರಿದ್ದಾರೆ. ಆ ಸಂದಿಗಳಲ್ಲಿ ಲಂಗರಿನ ಹಗ್ಗ ತುರುಕಿದ್ದೇವೆ. ತಿರುಪಿನೊಳಗೆ ಮರಳು ಸಿಕ್ಕರೆ ಮುಚ್ಚಳ ಜಪ್ಪಯ್ಯ ಎಂದರೂ ಬಿಡುವುದಿಲ್ಲ, ಒಂದಿಷ್ಟು ಗ್ರೀಸ್ ಸವರಿರಬೇಕು. ಪೆಟ್ರೋಲ್ ಕ್ಯಾನನ್ನು ಮಾತ್ರ ಇದರೊಳಗೂ ಇಡಬೇಡಿ, ಯಾವ ಮುಚ್ಚಿದ ಪೆಟ್ಟಿಗೆಯೊಳಗೂ ಇಡಬೇಡಿ. ಹಬೆ ಒಳಗೇ ಕೂತುಬಿಡುತ್ತದೆ.

ಕೊಳ್ಳುವಾಗ ಕಬ್ಬಿಣದ ಬಳೆ ಹಾಕಿ ಬಿಗಿಯುವ ಬಗೆಯದನ್ನು ಬಿಟ್ಟುಬಿಡಿ, ಅದಕ್ಕೂ ತುಕ್ಕು, ಅದಕ್ಕೂ ಬಲೆ. ಮತ್ತೆ ಗುಜರಿಯವನ ಎದುರಿನಲ್ಲೇ ಮುಚ್ಚಳ ತೆಗೆದು ಮೂಸಿ ನೋಡಿ. ಉಪ್ಪಿನಕಾಯಿ ವಾಸನೆ ಬಂದರೆ ತನ್ನಿ, ನಾಲ್ಕು ಸಲ ತೊಳೆದರೆ ಹೋಗುತ್ತದೆ. ಗಿಡಕ್ಕೆ ಹೊಡೆಯುವ ಔಷಧದ ವಾಸನೆ ಬಂದರೆ ಪುಕ್ಕಟೆ ಕೊಟ್ಟರೂ ಬೇಡ.