ಕುವೆಂಪುನಗರದ ಮಕ್ಕಳ ಪುಸ್ತಕಾಲಯ: ಓದಿಸುವ ಕ್ರಮ ಚೆನ್ನಾಗಿದೆ, ಬಾಗಿಲ ಬಳಿಯ ಕಪಾಟು ಬದಲಾಗಬೇಕು

ಮೈಸೂರಿನ ಕುವೆಂಪುನಗರದಲ್ಲಿ ಮನೆಯೊಂದರ ಕೆಳಮಹಡಿಯಲ್ಲಿರುವ ಖಾಸಗಿ ಮಕ್ಕಳ ಪುಸ್ತಕಾಲಯವು ಶನಿವಾರ ಸಂಜೆಗಳಲ್ಲಿ ಮೂರರಿಂದ ಏಳು ವರ್ಷದ ಮಕ್ಕಳಿಗಾಗಿ ಚಿತ್ರಪುಸ್ತಕಗಳ ಓದನ್ನು ನಡೆಸುತ್ತಿದೆ. ಗಂಡುಮಕ್ಕಳು ಹೀಗಿರಬೇಕು, ಹೆಣ್ಣುಮಕ್ಕಳು ಹಾಗಿರಬೇಕು ಎಂಬ ಸಿದ್ಧ ಕಲ್ಪನೆಗಳು ಬೇರೂರುವ ಮೊದಲೇ ಮಕ್ಕಳಿಗೆ ಬೇರೆ ಚಿತ್ರಗಳನ್ನು ತೋರಿಸುವುದು ಈ ಓದಿನ ಉದ್ದೇಶವೆಂದು ಅವರ ಕರಪತ್ರ ಹೇಳುತ್ತದೆ. ನನ್ನ ಮಗಳನ್ನೂ ತಂಗಿಯ ಮಗನನ್ನೂ ಕೆಲವು ತಿಂಗಳುಗಳಿಂದ ಅಲ್ಲಿಗೆ ಕರೆದೊಯ್ಯುತ್ತಿದ್ದೇನೆ. ದುಡ್ಡು ಕೊಟ್ಟು ಸೇರಿಸಬಹುದೇ ಎಂದು ಪರಿಚಯದ ಪೋಷಕರು ಕೇಳುತ್ತಿರುತ್ತಾರೆ. ಖಂಡಿತ ಸೇರಿಸಬಹುದು, ಆದರೆ ನಾನು ಹಾಗೆ ಹೇಳುವುದು ಪುಸ್ತಕಗಳ ಸಂಗ್ರಹವನ್ನು ನೋಡಿ ಅಲ್ಲ, ಅವುಗಳನ್ನು ಓದಿಸುವ ಕ್ರಮವನ್ನು ನೋಡಿ.

ಒಂದು ಸಂಜೆ ಓದಿದ್ದು ಪುಸ್ತಕಾಲಯದವರೇ ಚಿತ್ರ ಬರೆದು ಹೊಲಿದಿದ್ದ ಕೈಬರಹದ ಪುಸ್ತಕ. ಅದರ ಒಂದು ಪುಟದಲ್ಲಿ ಅಪ್ಪ ಒಲೆಯ ಮುಂದೆ ಕೂತು, ಪಾತ್ರೆಯನ್ನು ಕಾಲಿನಿಂದ ಒತ್ತಿ ಹಿಡಿದು, ಕೋಲಿನಿಂದ ಮುದ್ದೆ ತಿರುವುತ್ತಿದ್ದಾನೆ. "ಅಪ್ಪ ಮುದ್ದೆ ಮಾಡಲ್ಲ ಮಿಸ್, ಅಮ್ಮ ಮಾಡೋದು" ಎಂದು ಮಕ್ಕಳು ಒಟ್ಟಿಗೆ ಕೂಗಿದರು. ಓದುತ್ತಿದ್ದ ಶಿಕ್ಷಕಿ ಅವರನ್ನು ತಿದ್ದಲಿಲ್ಲ, ಬುದ್ಧಿ ಹೇಳಲೂ ಇಲ್ಲ. ಪುಟವನ್ನು ಹಾಗೆಯೇ ಹಿಡಿದುಕೊಂಡು, "ಮದುವೆ ಮನೆಗೆ ಊಟಕ್ಕೆ ಹೋಗಿದ್ದೀರಲ್ಲ, ಅಲ್ಲಿ ಅಡುಗೆ ಮಾಡಿದ್ದು ಯಾರು?" ಎಂದು ಕೇಳಿದರು. "ಭಟ್ರು" ಎಂಬ ಉತ್ತರ ಬಂತು. ಭಟ್ಟರು ಗಂಡಸರೋ ಹೆಂಗಸರೋ ಎಂದಾಗ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆಮೇಲೆ ದೊಡ್ಡ ಕೊಪ್ಪರಿಗೆ, ಉದ್ದನೆಯ ಸೌಟು, ಭಟ್ಟರ ಹೆಗಲ ಮೇಲಿನ ಟವೆಲ್ಲು ಎಂದು ಕಂಡದ್ದನ್ನೆಲ್ಲ ಹೇಳತೊಡಗಿದರು. ಅಷ್ಟರಲ್ಲಿ ತಂಗಿಯ ಮಗ, "ಹಾಗಾದ್ರೆ ಭಟ್ರ ಮನೇಲಿ ಅಡುಗೆ ಯಾರು ಮಾಡ್ತಾರೆ?" ಎಂದು ಕೇಳಿದ. ಶಿಕ್ಷಕಿ ಅದಕ್ಕೂ ತಾವಾಗಿ ಉತ್ತರ ಕೊಡದೆ, ಮುಂದಿನ ವಾರ ಕೇಳಿ ತಿಳಿದುಕೊಂಡು ಬರಲು ಹೇಳಿದರು. ಹುಡುಗರೂ ಅಡುಗೆ ಕಲಿಯಬೇಕು ಎಂದು ಕೊನೆಯ ಪುಟದಲ್ಲಿ ನೀತಿ ಬೋಧಿಸುವ ಪುಸ್ತಕಗಳು ಆ ಕಪಾಟಿನಲ್ಲೇ ಇವೆ. ಅವನ್ನು ಓದಿದ ದಿನ ಮಕ್ಕಳು ತಲೆಯಾಡಿಸಿ ಎದ್ದುಹೋಗುತ್ತಾರೆಯೇ ಹೊರತು ಇಂಥ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ಇಷ್ಟು ಎಳೆಯರಿಗೆ ಇದೆಲ್ಲ ಬೇಕೇ ಎಂದು ಹಲವರು ಕೇಳುತ್ತಾರೆ. ಲಿನ್ ಬಿಯಾನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ ಮಕ್ಕಳಿಗೆ ತುಂಬಾ ತುಂಬಾ ಬುದ್ಧಿವಂತರಾದ ಒಬ್ಬರ ಕಥೆ ಹೇಳಿ, ಆ ವ್ಯಕ್ತಿ ಯಾರಿರಬಹುದೆಂದು ಗಂಡಸರ ಮತ್ತು ಹೆಂಗಸರ ಚಿತ್ರಗಳಲ್ಲಿ ಗುರುತಿಸಲು ಹೇಳಲಾಗಿತ್ತು. ಐದು ವರ್ಷದ ಹುಡುಗಿಯರು ಹುಡುಗರಷ್ಟೇ ಸಹಜವಾಗಿ ತಮ್ಮವರನ್ನೇ ತೋರಿಸಿದರೆ, ಆರು ಏಳು ವರ್ಷದ ಹುಡುಗಿಯರಲ್ಲಿ ಹಾಗೆ ತೋರಿಸುವುದು ಕಡಿಮೆಯಾಗಿತ್ತು. ಅಂದರೆ ಒಂದನೇ ತರಗತಿಗೆ ಕಾಲಿಡುವ ಹೊತ್ತಿಗೆ ಏನೋ ಒಂದು ಕೈತಪ್ಪಿ ಹೋಗುತ್ತಿದೆ. ಅದಕ್ಕಿಂತ ಮುಂಚಿನ ವಯಸ್ಸಿನಿಂದಲೇ ಈ ಪುಸ್ತಕಾಲಯ ಓದನ್ನು ಶುರುಮಾಡಿರುವುದು ಸರಿಯೆಂದೇ ನನಗೆ ತೋರುತ್ತದೆ.

ಇನ್ನು ಸಂಗ್ರಹದ ಮಾತು. ಅಮೆರಿಕದಲ್ಲಿ ಕಾಲ್ಡೆಕಾಟ್ ಪ್ರಶಸ್ತಿಯ ಮನ್ನಣೆ ಪಡೆದ ಚಿತ್ರಪುಸ್ತಕಗಳನ್ನು ಲೆನೋರ್ ವೈಟ್ಸ್‌ಮನ್ ಮತ್ತು ಸಂಗಡಿಗರು 1972ರಲ್ಲಿ ಪರಿಶೀಲಿಸಿದಾಗ ಗಂಡಿನ ಚಿತ್ರಗಳು 261, ಹೆಣ್ಣಿನ ಚಿತ್ರಗಳು ಬರೀ 23 ಇದ್ದವು. ಇಲ್ಲಿನ ಕಪಾಟಿನಲ್ಲಿ ಅಂಥ ಕೊರತೆ ಕಾಣುವುದಿಲ್ಲ. ಚೆನ್ನೈನ ತೂಲಿಕಾ ಪ್ರಕಾಶನದ ಕನ್ನಡ–ಇಂಗ್ಲಿಷ್ ಪುಸ್ತಕಗಳೂ ಪ್ರಥಮ್ ಬುಕ್ಸ್‌ನ ಪುಸ್ತಕಗಳೂ ಇವೆ; ವಿಮಾನ ಹಾರಿಸುವ, ಮರ ಹತ್ತುವ, ಯಂತ್ರ ಬಿಚ್ಚುವ ಹುಡುಗಿಯರು ಧಾರಾಳವಾಗಿ ಸಿಗುತ್ತಾರೆ. ಸಿಗದವನು ಅಳುವ ಹುಡುಗ, ತಂಗಿಗೆ ಜಡೆ ಹೆಣೆಯುವ ಹುಡುಗ, ಕತ್ತಲೆಗೆ ಹೆದರಿ ಅಪ್ಪನ ಮಗ್ಗುಲಲ್ಲಿ ಮಲಗುವ ಹುಡುಗ. ಹುಡುಗಿಗೆ ಹುಡುಗನ ಕೆಲಸವನ್ನು ಕೊಟ್ಟರೆ ಅದು ಬಡ್ತಿಯಂತೆ, ಹುಡುಗನಿಗೆ ಹುಡುಗಿಯ ಕೆಲಸವನ್ನು ಕೊಟ್ಟರೆ ಅದು ಹಿಂಬಡ್ತಿಯಂತೆ ಕಾಣುವ ನಮ್ಮ ದೊಡ್ಡವರ ನೋಟವೇ ಈ ಕೊರತೆಗೆ ಕಾರಣವೆಂದು ನಾನು ನಂಬಿದ್ದೇನೆ.

ಮತ್ತೊಂದು ಕೊರತೆ ನಮ್ಮ ಸೀಮೆಗೇ ಸೇರಿದ್ದು. ನಾಲೆಗೆ ನೀರು ಬಿಟ್ಟ ಮೇಲೆ ಮಂಡ್ಯದ ಗದ್ದೆಗಳಲ್ಲಿ ಸಾಲಾಗಿ ಬಾಗಿ ನಾಟಿ ಹಾಕುವವರು, ಮುಂದೆ ಕಳೆ ಕೀಳುವವರು ಹೆಚ್ಚಾಗಿ ಹೆಂಗಸರೇ. ಆದರೂ ಇಲ್ಲಿನ ಪುಸ್ತಕಗಳಲ್ಲಿ ರೈತನೆಂದರೆ ಪೇಟ ಸುತ್ತಿ ನೇಗಿಲು ಹಿಡಿದ ಗಂಡಸು. ಹೆಂಗಸು ಬದುವಿನ ಮೇಲೆ ಬುತ್ತಿ ಹೊತ್ತು ಬರುತ್ತಾಳೆ. ನಾಟಿ ಹಾಕುವ ಅಜ್ಜಿಯನ್ನು ರೈತಳಾಗಿಯೇ ತೋರಿಸುವ ಪುಸ್ತಕವನ್ನು, ಮುದ್ದೆಯ ಪುಸ್ತಕವನ್ನು ಮಾಡಿದ ಹಾಗೆ, ಅವರೇ ಮಾಡಬಲ್ಲರು.

ನನಗೆ ನಿಜವಾಗಿ ಬೇಸರ ತಂದಿರುವುದು ಬಾಗಿಲ ಬಳಿಯ ಮಾರಾಟದ ಕಪಾಟು. ಹುಟ್ಟುಹಬ್ಬದ ಉಡುಗೊರೆಗೆಂದು ಅಲ್ಲಿ ಗುಲಾಬಿ ಕಾಗದದ ಪೊಟ್ಟಣಗಳಲ್ಲಿ ರಾಜಕುಮಾರಿಯರ ಬಣ್ಣ ತುಂಬುವ ಪುಸ್ತಕ, ನೀಲಿ ಕಾಗದದವುಗಳಲ್ಲಿ ಕಾರು ಮತ್ತು ರಾಕೆಟ್ಟಿನ ಪುಸ್ತಕ ಕಟ್ಟಿಟ್ಟು, ಮೇಲೆ 'ಹುಡುಗಿಯರಿಗೆ', 'ಹುಡುಗರಿಗೆ' ಎಂದು ಚೀಟಿ ಅಂಟಿಸಿದ್ದಾರೆ. ಒಳಗೆ ಒಂದು ಗಂಟೆ ತಾಳ್ಮೆಯಿಂದ ಮಾಡಿದ ಕೆಲಸವನ್ನು ಆ ಎರಡು ಚೀಟಿಗಳು ಕೆಡಿಸುತ್ತವೆ. ಗ್ರಾಹಕರು ಹಾಗೆಯೇ ಕೇಳುತ್ತಾರೆಂದು ಅಲ್ಲಿನವರು ಹೇಳಿದರು. ಅದು ನಿಜವಿರಬಹುದು, ಆದರೆ ಬೇರೆ ಕಡೆ ಸಿಗದ್ದು ಇಲ್ಲಿ ಸಿಗುತ್ತದೆಂದೇ ಅಲ್ಲವೇ ನಾವು ಹೋಗುವುದು? ಓದಿನ ಹೊತ್ತಿನಲ್ಲಿ ಪೋಷಕರನ್ನು ಹೊರಗೆ ಕೂರಿಸುವ ಪದ್ಧತಿಯೂ ನನಗೆ ಒಪ್ಪಿಗೆಯಿಲ್ಲ. ಭಟ್ಟರ ಮನೆಯ ಪ್ರಶ್ನೆ ಹುಟ್ಟಿದ್ದು ಒಳಗೆ, ಅದಕ್ಕೆ ಉತ್ತರಿಸಬೇಕಾದವರು ವರಾಂಡದಲ್ಲಿ ಮೊಬೈಲ್ ನೋಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕೂರುತ್ತೇನೆಂದು ಮೊದಲೇ ಕೇಳಿದರೆ ಬಿಡುತ್ತಾರೆ, ನಾನು ಹಾಗೆಯೇ ಕೂತವಳು.

ತಿಂಗಳ ಶುಲ್ಕ 300 ರೂಪಾಯಿ; ಅದರಲ್ಲಿ ಶನಿವಾರದ ಓದು ಮತ್ತು ಒಮ್ಮೆಗೆ ಮೂರು ಪುಸ್ತಕಗಳ ಎರವಲು ಸೇರಿದೆ. ಅಣ್ಣ ತಂಗಿಯರಿಗೆ ಬೇರೆ ಬೇರೆ ಸದಸ್ಯತ್ವದ ಚೀಟಿ ಬೇಕಿಲ್ಲ. ಅಷ್ಟು ದೂರ ಬರಲಾಗದ ಮಂಡ್ಯ, ಮದ್ದೂರಿನ ಕಡೆಯ ಪೋಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರು ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣವನ್ನು ನೋಡಬಹುದು. ಅಲ್ಲಿನ ಕನ್ನಡ ಚಿತ್ರಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಲು ಮುಕ್ತ ಪರವಾನಗಿಯಿದೆ. ಮಕ್ಕಳಿಗೆ ಓದುವ ಮುನ್ನ ಒಮ್ಮೆ ಚಿತ್ರಗಳನ್ನಷ್ಟೇ ನೋಡಿ, ಯಾರು ಯಾವ ಕೆಲಸ ಮಾಡುತ್ತಿದ್ದಾರೆಂದು ಗಮನಿಸಿಟ್ಟುಕೊಂಡರೆ, ಎಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಕೆಂಬುದು ಗೊತ್ತಾಗುತ್ತದೆ.