ಊಟಿಯ ಮೂರು ತೋಟ: ಎಲ್ಲಿಗೆ ಮೊದಲು ಹೋಗಬೇಕು?

ಮೈಸೂರಿನಿಂದ ಊಟಿಗೆ ಹೊರಟವರು ಒಂದೇ ದಿನದಲ್ಲಿ ಎಲ್ಲ ತೋಟ ಮುಗಿಸಬೇಕು ಅಂತ ಓಡುತ್ತಾರೆ. ದಯವಿಟ್ಟು ಬೇಡ. ಮೂರೂ ಗುಡ್ಡದ ಇಳಿಜಾರಿನಲ್ಲಿವೆ, ಕಾಲು ಸೋತುಹೋಗುತ್ತದೆ. ಮಂಡಿನೋವಿರುವ ಅಮ್ಮನ ಜೊತೆ ಫೆಬ್ರವರಿಯಲ್ಲಿ ಒಮ್ಮೆ, ಮೇನಲ್ಲಿ ಒಮ್ಮೆ ಹೋಗಿಬಂದು ಹೇಳುತ್ತಿದ್ದೇನೆ.

ನನಗೆ ಎಲ್ಲಕ್ಕಿಂತ ಇಷ್ಟ ಬೊಟಾನಿಕಲ್ ಗಾರ್ಡನ್. ದೊಡ್ಡಬೆಟ್ಟದ ತಪ್ಪಲಲ್ಲಿ 55 ಎಕರೆ. 1848ರಲ್ಲಿ ಮ್ಯಾಕೈವರ್ ಎಂಬ ತೋಟಗಾರ ಕೆಲಸ ಶುರು ಮಾಡಿದ್ದು. ಕೆಳಗಿನ ಹುಲ್ಲುಹಾಸಲ್ಲಿ ಫೋಟೋ ತೆಗೆಸಿಕೊಂಡು ವಾಪಸ್ ಹೋಗುವವರೇ ಜಾಸ್ತಿ. ಆದರೆ ತೋಟದ ಜೀವ ಇರುವುದು ಮೇಲೆ. ದಾರಿಯಲ್ಲಿ ಕಲ್ಲಾಗಿ ಹೋದ ಮರದ ದಿಮ್ಮಿ ಸಿಗುತ್ತದೆ, ಸುಮಾರು 2 ಕೋಟಿ ವರ್ಷ ಹಳೆಯದು. ಥೇಟ್ ಒಣಗಿದ ಸೌದೆಯ ಹಾಗೆ ತೊಗಟೆಯ ಗೆರೆಗಳೂ ಕಾಣುತ್ತವೆ. ಇನ್ನೂ ಹತ್ತಿದರೆ ನೀಲಗಿರಿಯ ಆದಿವಾಸಿಗಳಾದ ತೋಡರ ಮಂದ್, ಅಂದರೆ ಅವರ ಹಟ್ಟಿ. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂಥ ಗುಡಿಸಲು. ಬಾಗಿಲು ಎಷ್ಟು ಚಿಕ್ಕದೆಂದರೆ ತೆವಳಿಕೊಂಡೇ ಒಳಗೆ ಹೋಗಬೇಕು. ಅಮ್ಮ ಅಷ್ಟು ದೂರ ಬರಲಿಲ್ಲ. ಕೆಳಗೆ ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದರು.

ರೋಸ್ ಗಾರ್ಡನ್‌ನ ಅಂದ ನೀವು ಯಾವ ತಿಂಗಳು ಹೋಗುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಊಟಿಯ ನೂರನೇ ಫ್ಲವರ್ ಶೋ ನೆನಪಿಗೆ 1995ರಲ್ಲಿ ಎಲ್ಕ್ ಹಿಲ್ ಇಳಿಜಾರಲ್ಲಿ ಅಂತಸ್ತು ಅಂತಸ್ತಾಗಿ ಮಾಡಿದ್ದಾರೆ. ಫೆಬ್ರವರಿಯಲ್ಲಿ ಹೋದಾಗ ಕಂಡಿದ್ದು ಸವರಿದ ಮೋಟು ಗಿಡಗಳು, ಬುಡದಲ್ಲಿ ಕೆಂಪು ಚಿಗುರು. ಅಮ್ಮನಿಗೆ ತುಂಬಾ ಬೇಜಾರಾಯಿತು. ಮೇನಲ್ಲಿ ಅದೇ ಜಾಗ ಗುರುತೇ ಸಿಗಲಿಲ್ಲ, ಅಷ್ಟು ಹೂವು! ಆದರೆ ಮೆಟ್ಟಿಲು ಬಹಳ, ನೆರಳು ಕಮ್ಮಿ. ಬೆಳಗ್ಗೆಯೇ ಹೋಗಿ.

ಫರ್ನ್‌ಹಿಲ್‌ನಲ್ಲಿ ನಮ್ಮ ತೋಟಗಾರಿಕೆ ಇಲಾಖೆಯ ಕರ್ನಾಟಕ ಸಿರಿ ತೋಟವಿದೆ, 38 ಎಕರೆ. ಗಾಜಿನ ಮನೆ, ತೂಗುಸೇತುವೆ ಇವೆ. ಮಕ್ಕಳಿಗೆ ಸೇತುವೆಯೊಂದೇ ಸಾಕು. ಹಳೆಯ ದೊಡ್ಡ ಮರಗಳ ಗಾಂಭೀರ್ಯ ಇದಕ್ಕೆ ಇನ್ನೂ ಬಂದಿಲ್ಲ ಅನ್ನುವುದು ನಿಜ. ಆದರೆ ನಾವು ಹೋದ ಎರಡೂ ಸಲ ಜನ ಕಮ್ಮಿ ಇದ್ದರು. ಅಮ್ಮ ನಿಧಾನವಾಗಿ ನಡೆದರೂ ಹಿಂದಿನಿಂದ ಯಾರೂ ತಳ್ಳಲಿಲ್ಲ. ಅವರ ಓಟು ಇದಕ್ಕೇ.

ವಯಸ್ಸಾದವರಿದ್ದರೆ ಫರ್ನ್‌ಹಿಲ್, ಮೇ ಆದರೆ ಗುಲಾಬಿ. ಕಾಲು ಗಟ್ಟಿಯಿದ್ದರೆ ಬೊಟಾನಿಕಲ್‌ಗೆ ಅರ್ಧ ದಿನ ಕೊಡಿ. ಬಂಡೀಪುರದ ದಾರಿ ರಾತ್ರಿ 9ಕ್ಕೆ ಮುಚ್ಚುತ್ತದೆ, ಹಾಗಾಗಿ ಸಂಜೆ ಹೊತ್ತಿಗೇ ಘಾಟಿ ಇಳಿಯಿರಿ.